ಕಮಲಾಪುರದ ಹಂದರ, ಕಪನೂರದ ಖುರ್ಚಿ

ಬಂಡಮ್ಮನ ಹೊಟ್ಟೆಕಿಚ್ಚಿನ ಕಥೆಯನ್ನು ಎಮ್ಮೆಯಿಂದಲೇ ಶುರು ಮಾಡಬೇಕು. ಕಮಲಾಪುರದ ಅವರ ಮನೆಯ ಹಿತ್ತಲಲ್ಲಿ ಒಂದು ಎಮ್ಮೆ ಇತ್ತು. ತಂಗಿ ಶಂಕ್ರಮ್ಮ ಕರೆದರೆ ಅದು ಕತ್ತು ತಿರುಗಿಸಿ ನೋಡುತ್ತಿತ್ತು. ಬಂಡಮ್ಮ ಕರೆದರೆ ಬರೀ ಕಿವಿ ಅಲ್ಲಾಡಿಸಿ ಮೆಲುಕು ಹಾಕುತ್ತಿತ್ತು. ಅಷ್ಟಕ್ಕೇ ಆ ಪುಟ್ಟ ಹುಡುಗಿ ಹಾಲು ಕುಡಿಯುವುದನ್ನು ಬಿಟ್ಟಳು.

"ಎಮ್ಮಿ ಜೋಡಿ ಯಾರರ ಹಟ ಮಾಡ್ತಾರೇನವ್ವಾ?" ಎಂದು ತಾಯಿ ನೀಲಗಂಗಮ್ಮ ಬಟ್ಟಲು ಹಿಡಿದು ಹಿಂದೆ ಹಿಂದೆ ಓಡಾಡಿದಳು.

"ಅದು ನನ್ನ ಜೋಡಿ ಯಾಕ ಮಾಡ್ತದ?" ಎಂದಿತು ಕೂಸು.

ಕೆಟ್ಟ ಮನಸ್ಸಿನವಳು ಅಂದುಕೊಳ್ಳಬಾರದು. ತನ್ನ ಕೈಯಲ್ಲಿದ್ದದ್ದನ್ನು ಕೇಳಿದವರಿಗೆ ಕೊಟ್ಟುಬಿಡುವ ಹುಡುಗಿ. ಆದರೆ ಬೇರೆಯವರ ಕೈಯಲ್ಲಿದ್ದದ್ದು ಕಣ್ಣಿಗೆ ಬಿತ್ತೋ, ಮುಗಿಯಿತು. ಪಕ್ಕದವಳ ಪಾಟಿ ತನ್ನದಕ್ಕಿಂತ ಕಪ್ಪಗಿದೆ, ಶಂಕ್ರಮ್ಮನ ಜಡೆ ತನ್ನದಕ್ಕಿಂತ ದಪ್ಪಗಿದೆ, ಕಾಕಾ ಕಾಶಿರಾಯ ತೋಟದಿಂದ ತಂದ ಕೆಂಪು ಬಾಳೆಹಣ್ಣಿನಲ್ಲಿ ತನಗೆ ಬಂದದ್ದೇ ಸಣ್ಣದು. ಆ ಹಣ್ಣಿನ ಮಾತೆತ್ತಬಾರದಿತ್ತು. ಕಮಲಾಪುರದ ಕೆಂಪು ಬಾಳೆಯ ಸಿಪ್ಪೆ ಬಿಚ್ಚಿದರೆ ಪಡಸಾಲೆಯಲ್ಲಿ ಕೂತವರಿಗೂ ಗೊತ್ತಾಗುತ್ತದೆ, ಹಾಗಿರುತ್ತದೆ ಪರಿಮಳ. ಬೇರೆ ಊರಿನ ಬಾಳೆಯನ್ನು ಅದರ ಮಗ್ಗುಲಿಗಿಟ್ಟರೆ... ಇರಲಿ, ಅದನ್ನೇ ಹೇಳುತ್ತ ಕೂತರೆ ಬಂಡಮ್ಮ ಹಿತ್ತಲಲ್ಲೇ ಉಳಿದುಬಿಡುತ್ತಾಳೆ.

ತಂದೆ ಬೇಗ ತೀರಿಕೊಂಡಿದ್ದರಿಂದ ಕಾಕಾ ಕಾಶಿರಾಯನೇ ಮನೆಯ ಹಿರಿಯ. ಅವನೇ ಅವಳನ್ನು ಕಲಬುರಗಿಯ ಕಾಲೇಜಿಗೆ ಹಚ್ಚಿದ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ತಿರುಗಿ ಬರುತ್ತ ಬಿ.ಎಸ್ಸಿ ಮುಗಿಸಿದಳು. ತೊಂಬತ್ತರ ದಶಕದ ನಡುವಿನ ಮಾತು. ಆಗ ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯಲ್ಲಿ ಕಂಪ್ಯೂಟರ್ ಕಲಿಸುವ ಕ್ಲಾಸು ತೆರೆದಿತ್ತು, ಬಂಡಮ್ಮ ಅದಕ್ಕೂ ಸೇರಿದಳು. ಒಳಗೆ ಹೋಗುವವರು ದೇವರ ಗುಡಿಗೆ ಹೋದಂತೆ ಚಪ್ಪಲಿ ಹೊರಗೆ ಬಿಡಬೇಕು. ಯಂತ್ರಕ್ಕೆ ಧೂಳು ತಾಗಬಾರದಂತೆ, ಅದಕ್ಕೆ ತಂಪು ಗಾಳಿ ಬೇಕಂತೆ. ಹೊರಗೆ ಕಲಬುರಗಿಯ ಬಿಸಿಲಲ್ಲಿ ಮನುಷ್ಯರು ಬೇಯುತ್ತಿದ್ದರೆ ಒಳಗೆ ಆ ಡಬ್ಬಿ ತಣ್ಣಗೆ ಕೂತಿರುತ್ತಿತ್ತು. ನೀಲಗಂಗಮ್ಮ ಒಮ್ಮೆ ನೋಡಲು ಬಂದವಳು, "ನನಗೂ ಒಂದು ಹಾಸಿಗಿ ಇಲ್ಲೇ ಹಾಸ್ರಿ" ಎಂದಿದ್ದಳು.

ಆ ಕ್ಲಾಸಿನ ಬಾಗಿಲಲ್ಲೇ ಬಂಡಮ್ಮ ಮೊದಲ ಸಲ ಹಾಜಿರಾಳನ್ನು ಕಂಡದ್ದು. ಹಾಜಿರಾ ಕಲಬುರಗಿಯದೇ ಗಾಜಿಪುರ ಓಣಿಯ ಹುಡುಗಿ. ತನ್ನ ಚಪ್ಪಲಿಯನ್ನು ಗೋಡೆಗೆ ಸೇರಿಸಿ ಜೋಡಿಸಿಟ್ಟಳು. ಆಮೇಲೆ ಬಂಡಮ್ಮ ಒದರಿ ಒಗೆದಿದ್ದ ಚಪ್ಪಲಿಯನ್ನೂ ಎತ್ತಿ ತನ್ನದರ ಪಕ್ಕಕ್ಕಿಟ್ಟಳು. ಅಲ್ಲಿಂದಲೇ ಶುರುವಾಯಿತು. ಬೇರೆ ಯಾರಾದರೂ ಆಗಿದ್ದರೆ ಎಷ್ಟು ಒಳ್ಳೆಯ ಹುಡುಗಿ ಅನ್ನುತ್ತಿದ್ದರು. ಬಂಡಮ್ಮನಿಗೆ ಮಾತ್ರ, ಮಾಸ್ತರು ನೋಡಲಿ ಅಂತಲೇ ಮಾಡಿದ್ದಾಳೆ ಎನ್ನಿಸಿತು. ಒಳಗೆ ಹೋಗಿ ನೋಡಿದರೆ ಹಾಜಿರಾಳ ಹತ್ತೂ ಬೆರಳು ಕೀಲಿಗಳ ಮೇಲೆ ಓಡುತ್ತಿದ್ದವು, ಕಣ್ಣು ಪರದೆಯ ಮೇಲೆ. ಬಂಡಮ್ಮ ಎರಡು ಬೆರಳಲ್ಲಿ ಕೋಳಿ ಕಾಳು ಹೆಕ್ಕಿದಂತೆ ಕುಟ್ಟುತ್ತಿದ್ದಳು.

ಇಬ್ಬರೂ ಗೆಳತಿಯರಾದರು. ಹೌದು, ಆದರು. ಒಂದೇ ಡಬ್ಬಿಯಲ್ಲಿ ರೊಟ್ಟಿ ತಿಂದರು. ಹಾಜಿರಾ ಕಮಲಾಪುರಕ್ಕೂ ಬಂದು ನೀಲಗಂಗಮ್ಮನ ಕೈಯ ಎಣ್ಣೆಗಾಯಿ ಉಂಡು ಹೋದಳು. ಅವಳು ಹೋದ ಮೇಲೆ ನೀಲಗಂಗಮ್ಮ, "ಎಷ್ಟು ಸಮಾಧಾನದ ಹುಡುಗಿ! ನೀನೂ ಇದ್ದೀ, ಬಿರುಗಾಳಿ" ಎಂದಳು. ಬಂಡಮ್ಮ ಆ ಸಂಜೆ ಎಣ್ಣೆಗಾಯಿ ಮುಟ್ಟಲಿಲ್ಲ. ಎಮ್ಮೆಯ ಹಾಲಿನ ಹಾಗೆಯೇ.

ಕ್ಲಾಸಿನಲ್ಲಿ ಅವರು ಕಲಿತದ್ದು ಸಿ ಎಂಬ ಭಾಷೆ. ಆ ಭಾಷೆಯ ಒಂದು ಸಂಗತಿ ಮಾತ್ರ ಇಲ್ಲಿ ಬೇಕು. ಯಂತ್ರದೊಳಗೆ ನೆನಪಿಟ್ಟುಕೊಳ್ಳುವ ಜಾಗವಿರುತ್ತದೆ, ಅದಕ್ಕೆ ಮೆಮೊರಿ ಎನ್ನುತ್ತಾರೆ. ಆ ಜಾಗವನ್ನು ಎಲ್ಲ ಕೆಲಸಗಳಿಗೂ ಹಂಚುವ ಒಬ್ಬ ಯಜಮಾನ ಇರುತ್ತಾನೆ, ಅವನ ಹೆಸರು ಆಪರೇಟಿಂಗ್ ಸಿಸ್ಟಂ. ಪ್ರೋಗ್ರಾಂ ಬರೆಯುವವರು ಜಾಗ ಬೇಕಾದಾಗ ಕೇಳಿ ಪಡೆಯಬೇಕು, ಕೆಲಸ ಮುಗಿದ ಮೇಲೆ 'ಫ್ರೀ' ಎಂದು ಬರೆದು ತಾವಾಗಿಯೇ ಬಿಟ್ಟುಕೊಡಬೇಕು. ಬಿಡದೆ ಹೋದರೆ ಯಾರೂ ಬಂದು ಕೇಳುವುದಿಲ್ಲ. ಮಾಸ್ತರು ಇದನ್ನೇ ದಿನಾ ಒದರುತ್ತಿದ್ದರು: "ತಗೊಂಡಿದ್ದು ಬಿಡ್ರಿ! ಬಿಡಲಾರದವರು ನನ್ನ ಕ್ಲಾಸಿನಾಗ ಕೂಡಬ್ಯಾಡ್ರಿ!" ಜಾಗ ಬಿಡದ ಪ್ರೋಗ್ರಾಂ ಬರೆಯುವುದೆಂದರೆ ಉಂಡ ಎಲೆ ಎತ್ತದೆ ಏಳುವಷ್ಟು ನಾಚಿಕೆಯ ಮಾತು.

ಕ್ಲಾಸು ಮುಗಿಯುವ ಹೊತ್ತಿಗೆ ಕಲಬುರಗಿಯ ಅಂಚಿನ ಕಪನೂರದಲ್ಲಿ ತೊಗರಿಬೇಳೆ ಮಿಲ್ಲು ನಡೆಸುತ್ತಿದ್ದ ದೇವೀಂದ್ರಪ್ಪ ಸಾವಕಾರರು ಮಿಲ್ಲಿಗೆ ಕಂಪ್ಯೂಟರ್ ತರಿಸಿದರು. ಒಂದೇ ದೊಡ್ಡ ಯಂತ್ರ, ಅದಕ್ಕೆ ಎರಡು ಪರದೆ. ಒಂದು ಗೇಟಿನ ತೂಕದ ಕಾಟಾದ ಹತ್ತಿರ, ಇನ್ನೊಂದು ಆಫೀಸಿನಲ್ಲಿ. ಆಫೀಸಿನ ಪರದೆಯ ಮುಂದೆ ಗಿರ್ರನೆ ತಿರುಗುವ ಒಂದು ಖುರ್ಚಿಯನ್ನೂ ತಂದು ಇಟ್ಟರು. ಮಾಸ್ತರನ್ನು ಕೇಳಿ ಇಬ್ಬರು ಹುಡುಗಿಯರನ್ನೂ ಕರೆಸಿ, ಕಡ್ಡಿ ಮುರಿದಂತೆ ಹೇಳಿದರು.

"ನೋಡ್ರಿ ಅವ್ವಗಳಿರಾ, ಹಾಜಿರಾ ಗೇಟಿನ ತೂಕದ ಪ್ರೋಗ್ರಾಂ ಬರೀಲಿ. ಬಂಡಮ್ಮ ಬಿಲ್ಲಿಂದು ಬರೀಲಿ. ಈ ಸುಗ್ಗಿ ಕಳೀಲಿ. ಯಾರ ಕೆಲಸ ಬರೋಬ್ಬರಿ ನಡೀತದೋ ಅವರು ಖಾಯಂ. ಖುರ್ಚಿ ಒಂದೇ ಅದ, ಇಬ್ಬರು ಕೂಡಾಕ ಬರಂಗಿಲ್ಲ."

ಹಾಜಿರಾ ನಕ್ಕಳು. "ಪಾಳಿ ಹಚ್ಚಿ ಕೂಡ್ತೀವಿ ಬಿಡ್ರಿ ಸಾವ್ಕಾರ್ರೇ."

ಬಂಡಮ್ಮ ನಗಲಿಲ್ಲ. ಖುರ್ಚಿಯನ್ನು ನೋಡಿದಳು. ಮನೆಗೆ ಖಾಯಂ ಸಂಬಳ ತರುವ ಮೊದಲ ಹೆಣ್ಣುಮಗಳು ತಾನಾಗಬೇಕು ಎಂದು ಅವಳು ಬಸ್ಸಿನಲ್ಲಿ ಕೂತಾಗಲೆಲ್ಲ ಯೋಚಿಸಿದ್ದಳು. ಈಗ ಆ ಯೋಚನೆಗೆ ಚಕ್ರ ಬಂದಿತ್ತು, ಕೈ ಇಡಲು ತೋಳೂ ಬಂದಿತ್ತು.

ಸಂಕ್ರಾಂತಿ ಹತ್ತಿರ ಬಂತು. ಕಪನೂರದ ರಸ್ತೆಯ ಉದ್ದಕ್ಕೂ ತೊಗರಿಯ ಬಂಡಿ, ಟ್ರ್ಯಾಕ್ಟರುಗಳ ಸಾಲು. ಹಾಜಿರಾ ಗೇಟಿನಲ್ಲಿ ಕೂತು ಬಂದ ಗಾಡಿಯ ತೂಕವನ್ನೆಲ್ಲ ತನ್ನ ಪ್ರೋಗ್ರಾಮಿಗೆ ಹಾಕುತ್ತಿದ್ದಳು. ಹಮಾಲರು ಅವಳನ್ನು ಬೇಟೀ ಎಂದರು, ರೈತರು ತಂಗೆವ್ವ ಎಂದರು. ಗೇಟಿನಲ್ಲಿ ಚಹಾ ಮೊದಲು ಅವಳಿಗೆ. ಆಫೀಸಿನ ಬಂಡಮ್ಮನಿಗೆ ಬರುವ ಹೊತ್ತಿಗೆ ಅದು ಕೆನೆಗಟ್ಟಿರುತ್ತಿತ್ತು. ಕೆನೆಯ ಚಹಾ ಕುಡಿಯುತ್ತ ಬಂಡಮ್ಮ ಕಿಟಕಿಯಿಂದ ಗೇಟು ನೋಡುತ್ತಿದ್ದಳು.

ಅದರ ಮೇಲೆ ಇನ್ನೊಂದು ಬರೆ. ಸಂಜೆ ಗಾಡಿಗಳೆಲ್ಲ ಹೋದ ಮೇಲೆ ಬಿಲ್ಲು ತೆಗೆಯುವ ಸರದಿ ಬಂಡಮ್ಮನದು. ಆಗ ಯಂತ್ರ ಮುದಿ ಎತ್ತಿನ ಹಾಗೆ ಕಾಲೆಳೆಯುತ್ತಿತ್ತು. ಒಂದು ಬಿಲ್ಲು ಹೊರಗೆ ಬರುವಷ್ಟರಲ್ಲಿ ಸಾವಕಾರರು ಎರಡು ಸಲ ಗಂಟಲು ಕೆರೆದುಕೊಳ್ಳುತ್ತಿದ್ದರು.

"ಏನವಾ ಬಂಡಮ್ಮಾ, ಗೇಟಿನ ಕೆಲಸ ಕುದುರಿ ಓಡಿದಂಗ ಓಡ್ತದ. ನಿಂದು ಯಾಕ ಹಿಂಗ ಕುಂಟತದ?"

ಈ ಮಾತು ಬಂಡಮ್ಮನಿಗೆ ಎಲ್ಲಿ ತಾಗಬೇಕೋ ಅಲ್ಲಿಯೇ ತಾಗಿತು. ಯಂತ್ರದಲ್ಲಿ ಯಾವ ಪ್ರೋಗ್ರಾಂ ಎಷ್ಟು ಜಾಗ ಹಿಡಿದಿದೆ ಎಂದು ತೋರಿಸುವ ಒಂದು ಉಪಾಯವಿದೆ. ಅವಳು ಅದನ್ನು ತೆರೆದು ನೋಡುತ್ತ ಹೋದಳು. ಬೆಳಗ್ಗೆ ಹಾಜಿರಾಳ ಪ್ರೋಗ್ರಾಮಿನ ಅಂಕಿ ಸಣ್ಣದು. ಮಧ್ಯಾಹ್ನ ಗಾಡಿಗಳು ಹೆಚ್ಚಾದಂತೆ ಅಂಕಿ ಉಬ್ಬಿತು. ಅದೇನೋ ಸರಿ. ಆದರೆ ಸಂಜೆ ಗಾಡಿಯೆಲ್ಲ ಹೋಗಿ, ದಿನದ ತೂಕವೆಲ್ಲ ಡಿಸ್ಕಿಗೆ ಬರೆದು ಮುಗಿದು, ಅಂಗಳ ಗುಡಿಸಿದ ಮೇಲೂ ಅಂಕಿ ಇಳಿಯಲಿಲ್ಲ. ಉಬ್ಬಿದ್ದು ಉಬ್ಬಿದ ಹಾಗೆಯೇ ಕೂತಿತ್ತು. ಯಂತ್ರದ ಜಾಗವೆಲ್ಲ ಅಲ್ಲೇ ಅಡಗಿದೆ, ಅದಕ್ಕೇ ತನ್ನ ಬಿಲ್ಲಿಗೆ ಉಸಿರು ಕಟ್ಟಿದೆ!

ಬಂಡಮ್ಮನಿಗಾದ ಸಂತೋಷವನ್ನು ಹೇಳಲು ನಾಚಿಕೆಯಾಗಬೇಕು, ಅಷ್ಟು ಸಂತೋಷ. ಸಾವಕಾರರನ್ನು ಕರೆದಳು. ಅವರ ಹಿಂದೆ ಹಮಾಲರೂ ಬಂದು ನಿಂತರು.

"ನೋಡ್ರಿ ಇಲ್ಲಿ. ಅಂಗಳದಾಗ ಒಂದು ಗಾಡಿ ಇಲ್ಲ. ಆದ್ರೂ ಈಕಿ ಪ್ರೋಗ್ರಾಂ ಇಷ್ಟು ಜಾಗ ಹಿಡದದ. ತಗೊಂಡಾಳ, ತಿರುಗಿ ಬಿಟ್ಟಿಲ್ಲ. ನನ್ನ ಬಿಲ್ಲು ಕುಂಟೋದು ಇದಕ್ಕ."

ಹಾಜಿರಾ ತನ್ನ ಪ್ರೋಗ್ರಾಮನ್ನು ಪರದೆಯ ಮೇಲೆ ತೆರೆದಳು. "ಇಲ್ಲ ಬಂಡಮ್ಮಾ, ಎಲ್ಲಾ ಬಿಟ್ಟೀನಿ. ನೋಡು, ಇಲ್ಲಿ ಫ್ರೀ ಅಂತ ಬರ್ದೀನಿ, ಇಲ್ಲೂ ಬರ್ದೀನಿ. ಒಂದೂ ಮರೆತಿಲ್ಲ."

"ಹಂಗಂದ್ರ ಅಂಕಿ ಯಾಕ ಇಳೀಲಿಲ್ಲ?"

ಅದಕ್ಕೆ ಹಾಜಿರಾಳ ಹತ್ತಿರ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ ಬಂಡಮ್ಮನ ಹತ್ತಿರವೂ ಇರಲಿಲ್ಲ. ಆದರೆ ಪ್ರಶ್ನೆ ಕೇಳಿದವಳಿಗೆ ಉತ್ತರ ಯಾರು ಕೇಳುತ್ತಾರೆ? ಸಾವಕಾರರಿಗೆ ಸಿ ಭಾಷೆ ಗೊತ್ತಿಲ್ಲ, ಅಂಕಿ ಗೊತ್ತು. "ಅಂಕಿ ಸುಳ್ಳು ಹೇಳ್ತದೇನವಾ?" ಎಂದರು. ಮರುದಿನದಿಂದ ಹಾಜಿರಾ ಮಿಲ್ಲಿಗೆ ಬರಲಿಲ್ಲ. ಗೇಟಿನ ಪ್ರೋಗ್ರಾಂ ಹೊಸದಾಗಿ ಬರೆಯುವ ಕೆಲಸವೂ ಬಂಡಮ್ಮನಿಗೇ ಬಂತು.

ಬರೆದಳು. ಹಾಜಿರಾಳದಕ್ಕಿಂತ ಚಂದ ಬರೆಯಬೇಕೆಂದು ಹಲ್ಲು ಕಚ್ಚಿ ಬರೆದಳು. ಎಲ್ಲೆಲ್ಲಿ ಜಾಗ ತೆಗೆದುಕೊಂಡಿದ್ದಾಳೋ ಅದರ ಎದುರಿಗೇ ಬಿಟ್ಟಿರುವುದನ್ನು ಬೆರಳಿಟ್ಟು ನೋಡಿದಳು. ಗೇಟಿಗೆ ಹಚ್ಚಿದಳು. ಗಾಡಿ ಬಂದವು, ಅಂಕಿ ಉಬ್ಬಿತು. ಸಂಜೆ ಗಾಡಿ ಹೋದವು.

ಅಂಕಿ ಇಳಿಯಲಿಲ್ಲ.

ಬಂಡಮ್ಮ ಪರದೆಗೆ ಬೆನ್ನು ಹಾಕಿ ಕೂತಳು, ಯಾರಾದರೂ ನೋಡಿಯಾರೆಂದು. ಆ ಖುರ್ಚಿ ತಿರುಗುವ ಖುರ್ಚಿಯಾಗಿದ್ದರಿಂದ ಅಷ್ಟು ಅನುಕೂಲವಾಯಿತು. ಸಾವಕಾರರು, "ಇನ್ನೂ ಯಾಕವಾ ಕುಂಟತದ?" ಎಂದಾಗ ಅವಳ ಬಾಯಿಂದ, "ವೋಲ್ಟೇಜ್ ಇಲ್ರಿ ಸಾವ್ಕಾರ್ರೇ" ಎಂದು ಬಂದುಬಿಟ್ಟಿತು. ಕಪನೂರದಲ್ಲಿ ವೋಲ್ಟೇಜ್ ಇಲ್ಲವೆಂದರೆ ನಂಬದವರು ಯಾರೂ ಇರಲಿಲ್ಲ. ಅಷ್ಟರಲ್ಲಿ ಸುಗ್ಗಿ ಇಳಿಯಿತು, ಗಾಡಿಗಳು ಕಡಿಮೆಯಾದವು, ಅಂಕಿ ಮೊದಲಿನಷ್ಟು ಉಬ್ಬದಾಯಿತು, ಬಿಲ್ಲುಗಳೂ ಸರಾಗವಾದವು. "ತಂಗಿ ಮದವಿ ಮುಗಿಸಿಕೊಂಡು ಬಾ, ಖಾಯಂ ಮಾಡ್ತೀನಿ" ಎಂದರು ಸಾವಕಾರರು.

ಖುರ್ಚಿ ಸಿಕ್ಕಿತು. ಆದರೆ ಹೊಟ್ಟೆಕಿಚ್ಚು ಹೋಗಲಿಲ್ಲ, ನೋಡಿ ಎಂಥ ವಿಚಿತ್ರ! ಚಹಾ ಈಗ ಮೊದಲು ಅವಳಿಗೇ ಬರುತ್ತಿತ್ತು, ಬಿಸಿಬಿಸಿ. ತಂದಿಡುವ ಹಮಾಲ ಮಾತ್ರ, "ಆ ಬೇಟಿ ಎಲ್ಲಿ ಹೋದಳ್ರೀ ಅಕ್ಕೋರೇ?" ಎಂದು ಕೇಳಿಯೇ ಇಡುತ್ತಿದ್ದ.

ಶಂಕ್ರಮ್ಮನ ಮದುವೆ ಕಮಲಾಪುರದ ಮನೆಯ ಮುಂದೆಯೇ. ಹಂದರದ ಜವಾಬ್ದಾರಿ ಕಾಕಾ ಕಾಶಿರಾಯನದು. ಅವನು ಹಂದರ ಹಾಕುವುದನ್ನು ನೋಡುವುದೇ ಒಂದು ಮದುವೆ. ಸುತ್ತಲೂ ಹತ್ತು ಮಂದಿಗೆ ಬೈಯುತ್ತಾನೆ, ಹಗ್ಗ ಮಾತ್ರ ತಾನೇ ಕಟ್ಟುತ್ತಾನೆ. ಮೊದಲು ಮನೆಯ ಕಟ್ಟೆಯಷ್ಟಕ್ಕೇ ಹಾಕಿದ. ಬೀಗರ ಮಂದಿ ಹೆಚ್ಚು ಎಂದು ತಿಳಿದ ಮೇಲೆ ಓಣಿಯೊಳಕ್ಕೆ ಚಾಚಿದ, ಇನ್ನೂ ಸ್ವಲ್ಪ ಚಾಚಿದ, ಅರ್ಧ ಓಣಿಗೆ ನೆರಳಾಯಿತು. ಮದುವೆ ಮಾಡಿಸುವ ಅಯ್ಯನವರು ಮೂಲೆ ನೋಡಿ ಹಾಲಗಂಬ ನೆಡಿಸಿದ್ದು ಹಂದರದ ಹೊರತುದಿಯಲ್ಲಿ, ಓಣಿಯ ಕಡೆಗೆ. ಹಾಲಗಂಬವೆಂದರೆ ಹಂದರಕ್ಕೆ ಪೂಜೆ ಮಾಡಿ ನೆಡುವ ಕಂಬ. ಮದುಮಗಳು ಗಂಡನ ಮನೆಗೆ ಹೋಗಿ, ಮೊದಲ ಸಲ ತಿರುಗಿ ಬಂದು ಅದರ ಬುಡಕ್ಕೆ ಹಾಲೆರೆಯುವವರೆಗೆ ಅದನ್ನು ಕೀಳುವುದು ಆ ಮನೆಯಲ್ಲಿ ನಡೆಯುವುದಿಲ್ಲ.

ಮದುಮಕ್ಕಳ ಮೇಲೆ ಅಕ್ಕಿಕಾಳು ಬಿದ್ದವು, ಊಟದ ಪಂಕ್ತಿ ಶುರುವಾದವು. ಹುಗ್ಗಿ ಬಡಿಸುತ್ತಿದ್ದ ಬಂಡಮ್ಮ ತಲೆಯೆತ್ತಿ ನೋಡಿದರೆ, ಹಂದರದ ಬಾಗಿಲಲ್ಲಿ ಹಾಜಿರಾ! ನೀಲಗಂಗಮ್ಮ ತಾನೇ ಗಾಜಿಪುರಕ್ಕೆ ಹೋಗಿ ಅಕ್ಕಿ ಕೊಟ್ಟು ಕರೆದು ಬಂದಿದ್ದಳು. ಮಿಲ್ಲಿನ ಸುದ್ದಿ ಅವಳಿಗೇನು ಗೊತ್ತು? ಹಾಜಿರಾ ಮದುಮಗಳಿಗೆಂದು ಹಸಿರು ಬಳೆಗಳ ಗಂಟು ತಂದಿದ್ದಳು. ಒಂದೂ ಒಡೆಯದಂತೆ, ಒಂದೂ ನೋಯದಂತೆ ತಾನೇ ಶಂಕ್ರಮ್ಮನ ಕೈಗೆ ಏರಿಸಿದಳು. ಸುತ್ತ ಕೂತ ಹೆಂಗಸರೆಲ್ಲ, "ಅಬಬಬಾ, ಬೆಣ್ಣಿಯಂಥ ಕೈ" ಎಂದರು.

"ನಮ್ಮ ಬಂಡಮ್ಮ ಬಳಿ ಇಡಸಾಕ ಕುಂತ್ರ ಅರ್ಧ ಡಜನ್ ಒಡೀತಾಳ" ಎಂದಳು ನೀಲಗಂಗಮ್ಮ, ಎಲ್ಲರ ಎದುರಿಗೆ.

ಬಂಡಮ್ಮನ ಕೈಯ ಸೌಟು ಜೋರಾಗಿ ಬಿತ್ತು. ಬೀಗರ ಹಿರಿಯರೊಬ್ಬರ ಎಲೆಯಲ್ಲಿ ಹುಗ್ಗಿ ಗುಡ್ಡವಾಯಿತು. "ಸಾಕವ್ವಾ, ನಾ ಒಬ್ಬನ ಉಣ್ಣಾವ ಇದ್ದೀನಿ" ಎಂದರು ಅವರು.

ಮೂರನೆಯ ಪಂಕ್ತಿ ಎದ್ದು ಹಂದರ ಖಾಲಿಯಾಯಿತು. ಎಲೆ ತೆಗೆದು, ನೀರು ಚಿಮುಕಿಸಿ, ಚಾಪೆ ಝಾಡಿಸಿ ಮತ್ತೆ ಹಾಸಿದ್ದರು. ಹಾಜಿರಾ ಒಂದು ಕಂಬಕ್ಕೆ ಒರಗಿ ಕೂತಿದ್ದಳು. ಬಂಡಮ್ಮ ಒಂದು ಕೆಂಪು ಬಾಳೆಹಣ್ಣು ತಂದು ಅವಳ ಮುಂದೆ ಇಟ್ಟಳು, ದೊಡ್ಡದನ್ನೇ ಆರಿಸಿ. ಅದ್ಯಾಕೆ ಹಾಗೆ ಆರಿಸಿದಳೋ ಅವಳಿಗೇ ಗೊತ್ತಿರಲಿಲ್ಲ.

"ಈಗ ಏನು ಮಾಡಾಕತ್ತಿ?"

"ನಮ್ಮ ಫೂಫಿ ಅದಾಳಲ್ಲ, ಸೋದರತ್ತಿ, ಆಕಿ ಬಳಿ ಅಂಗಡ್ಯಾಗ ಕೂಡಾಕತ್ತೀನಿ." ಹಾಜಿರಾ ಹಣ್ಣಿನ ಸಿಪ್ಪೆ ಬಿಡಿಸುತ್ತ ಹೇಳಿದಳು. "ಸಿ ಬಿಟ್ಟೆ, ಬಂಡಮ್ಮಾ. ಆ ಪ್ರೋಗ್ರಾಂ ಮನ್ಯಾಗ ಕುಂತು ಓದಿದೆ, ಮತ್ತ ಓದಿದೆ. ತಪ್ಪು ಎಲ್ಲಿ ಅದ, ಸಿಗಲೇ ಇಲ್ಲ. ನೀ ಒಂದೇ ನೋಟಕ್ಕ ಕಂಡುಹಿಡಿದಿ. ಇದ್ದ ತಪ್ಪು ಕಾಣಂಗಿಲ್ಲಂದ್ರ ನಾ ಆ ಕೆಲಸಕ್ಕ ಲಾಯಕ್ ಅಲ್ಲ. ನಿನ್ನ ತಲಿ ನೋಡಿ ಹೊಟ್ಟಿ ಉರೀತದ ನನಗ."

ಬಂಡಮ್ಮ ಇಷ್ಟು ದಿನ ಕಾದದ್ದು ಇದೇ ಮಾತಿಗೆ. ಹಾಜಿರಾಳ ಬಾಯಿಂದಲೇ, ಹಾಜಿರಾಳಿಗೇ ಹೊಟ್ಟೆ ಉರಿಯುತ್ತದೆಯಂತೆ! ಆದರೆ ಹಬ್ಬದ ಹೋಳಿಗೆಯನ್ನು ಕಚ್ಚಿದರೆ ಒಳಗೆ ಹೂರಣವೇ ಇಲ್ಲ ಎಂಬಂತಾಯಿತು. ಆ ಹತ್ತು ಬೆರಳು ಇನ್ನು ಕೀಲಿಗಳ ಮೇಲೆ ಓಡುವುದಿಲ್ಲ, ಬಳೆಯ ಗಂಟು ಬಿಚ್ಚುತ್ತವೆ. ಹಾಗಾದರೆ ತಾನು ಇನ್ನು ಯಾರನ್ನು ನೋಡಿ ಹಲ್ಲು ಕಚ್ಚಿ ಬರೆಯಬೇಕು?

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಟೆಂಪೋ ಪೋಂ ಪೋಂ ಎಂದು ಒದರಿತು. ಅದೇ ಓಣಿಯ ದೌಲಪ್ಪ, ಬಾಳೆಗೊನೆ ತುಂಬಿಕೊಂಡು ಕಲಬುರಗಿಗೆ ಹೊರಟವನು. ಹಂದರ ಅಡ್ಡ ಇದ್ದುದರಿಂದ ಹೊರಗೆ ಹೋಗಲು ದಾರಿಯಿಲ್ಲ.

"ಏ ಕಾಶಿರಾಯಾ! ಒಳಗ ನಾಯಿ ಸೈತ ಇಲ್ಲ, ಅರ್ಧ ಓಣಿ ನುಂಗಿ ಕುಂತೀಯಲ್ಲೋ! ಬಿಚ್ಚೋ ಇದನ್ನ!"

"ಯಾಕ ಬಿಚ್ಚಲಿ? ಹುಮನಾಬಾದದ ನೆಂಟರ ಬಸ್ಸು ಬರಾಕತ್ತದ. ಆ ಮಂದೀನ ನಿನ್ನ ಟೆಂಪೋದಾಗ ಕೂಡಸಲೇನು?"

"ಅವರು ಬರೋತನಕರ ಬಿಚ್ಚು!"

"ಒಂದು ಪಂಕ್ತಿ ಎದ್ದಾಗೊಮ್ಮಿ ಬಿಚ್ಚಿ, ಒಂದು ಪಂಕ್ತಿ ಕುಂತಾಗೊಮ್ಮಿ ಹಾಕಲೇನು? ಮದವಿ ಮಾಡಲೋ, ಹಗ್ಗ ಕಟ್ಟಕೋತ ಕೂಡಲೋ? ಎದ್ದವರ ಜಾಗ ನನ್ನ ಕೈಯಾಗ ಇರ್ತದ. ಮುಂದ ಬಂದವರಿಗಿ ಅದನ್ನೇ ಕೊಡ್ತೀನಿ. ಓಣೀಗಿ ಯಾಕ ಕೊಡ್ಲಿ?"

"ನಡುಮಧ್ಯ ಅಷ್ಟು ಖಾಲಿ ಬಿದ್ದದಲ್ಲ, ಅದನ್ನರ ಕೊಡೋ ಮಾರಾಯಾ!"

"ನಡುವಿಂದು ತಗೊಂಡು ಏನು ಮಾಡ್ತಿ? ನಿನ್ನ ಟೆಂಪೋ ಮ್ಯಾಲಿಂದ ಹಾರಿ ಬರ್ತದೇನು? ಬಿಚ್ಚಿದ್ರ ಈ ತುದಿಯಿಂದನ ಬಿಚ್ಚಬೇಕು. ಈ ತುದೀಗಿ ಹಾಲಗಂಬ ಅದ, ಕಣ್ಣು ತೆರೆದು ನೋಡು. ಅದು ಏಳೋತನಕ ಉಳಿದದ್ದು ಹ್ಯಾಂಗ ಏಳ್ತದ?"

ದೌಲಪ್ಪ ಎರಡು ಕೈಯಲ್ಲೂ ತಲೆ ಹಿಡಿದುಕೊಂಡ. ನೀಲಗಂಗಮ್ಮ ಓಡಿಬಂದು, "ಮೊದಲ ಇಳಿದು ಹುಗ್ಗಿ ಉಣ್ಣಪ್ಪಾ, ಬಾಳೆಹಣ್ಣೇನು ಓಡಿ ಹೋಗ್ತಾವ?" ಎಂದು ಅವನನ್ನು ಕೈಹಿಡಿದು ಚಾಪೆಯ ಮೇಲೆ ಕೂರಿಸಿದಳು. ಅವನು ಕೂತದ್ದು ಸ್ವಲ್ಪ ಮುಂಚೆ ಬೀಗರ ಹಿರಿಯರು ಎದ್ದುಹೋದ ಜಾಗದಲ್ಲಿ. ಹಂದರ ಅದಕ್ಕಾಗಿ ಒಂದು ಗೇಣೂ ಬೆಳೆಯಬೇಕಾಗಲಿಲ್ಲ.

ಬಂಡಮ್ಮ ಅದನ್ನು ನೋಡುತ್ತ ನಿಂತಳು. ಖಾಲಿ ಚಾಪೆ ನೋಡಿದಳು, ಹಾಲಗಂಬ ನೋಡಿದಳು, ಟೆಂಪೋ ನೋಡಿದಳು. ಗೊತ್ತಾಗಿಹೋಯಿತು. ಗೊತ್ತಾದ ಕೂಡಲೇ ಬಾಯಿ ಮುಚ್ಚಿಕೊಳ್ಳಬೇಕು ಎಂದೂ ಅನ್ನಿಸಿತು. ಸುಮ್ಮನಿದ್ದರೆ ಖುರ್ಚಿ ಅವಳದೇ. ಹಾಜಿರಾ ಸಂಜೆಯ ಬಸ್ಸಿಗೆ ಬಳೆ ಅಂಗಡಿಗೆ ಹೋಗುತ್ತಾಳೆ. ನೀಲಗಂಗಮ್ಮ ಅಷ್ಟರಲ್ಲಿ ಅತ್ತ ಕಡೆಯಿಂದ, "ಹಾಜಿರಾ, ಇನ್ನೊಂದು ಹಣ್ಣು ತಗೋ ಕೂಸೇ" ಎಂದು ಕೂಗಿದಳು. ಬಂಡಮ್ಮನ ಹೊಟ್ಟೆಯಲ್ಲಿ ಹಳೆಯ ಕಿಚ್ಚು ಭಗ್ಗೆಂದಿತು. ಅದು ಇರುವಾಗಲೇ, ಅದರ ಉರಿಯಲ್ಲಿಯೇ ಮಾತು ಬಂದುಬಿಟ್ಟಿತು.

"ನೀ ಎಲ್ಲಾ ಬಿಟ್ಟಿದ್ದಿ, ಹಾಜಿರಾ. ತಪ್ಪೇ ಇರಲಿಲ್ಲ."

"ಅಂದ್ರ?"

"ನಾ ಬರೆದದ್ದೂ ಹಂಗೇ ಉಬ್ಬಿ ಕುಂತದ. ಇಲ್ಲಿ ನೋಡು. ಈ ಓಣಿ ಅಂದ್ರ ಯಂತ್ರದ ಜಾಗ, ಯಜಮಾನಂದು. ಹಂದರ ಅಂದ್ರ ನಿನ್ನ ಪ್ರೋಗ್ರಾಂ ಅವನಿಂದ ಹಿಡಿದದ್ದು. ನೀ ಜಾಗ ಕೇಳಿದ್ರ ನೆಟ್ಟಗ ಓಣೀನ ಕೇಳಂಗಿಲ್ಲ, ನಡುವ ನಮ್ಮ ಕಾಕಾನಂಥಾವ ಒಬ್ಬ ಇರ್ತಾನ, ಅವನ ಕೇಳ್ತಿ. ಫ್ರೀ ಅಂದಾಗ ಜಾಗ ಅವನ ಕೈಗೇ ತಿರುಗಿ ಹೋಗ್ತದ, ಓಣೀಗಿ ಹೋಗಂಗಿಲ್ಲ. ಮತ್ತ ಗಾಡಿ ಬಂದ್ರ ಇದೇ ಜಾಗ ಕೊಡೋಣ ಅಂತ ಅವ ಇಟಗೋತಾನ. ಸಣ್ಣದೊಂದು ಏನರ ತುದೀಗಿ ಉಳಿದಿತ್ತಂದ್ರ, ಕೊಡಬೇಕಂದ್ರೂ ಕೊಡಾಕ ಬರಂಗಿಲ್ಲ. ಹೊರಗಿಂದ ನೋಡಿದ್ರ ಅರ್ಧ ಓಣಿ ಹಿಡದಂಗೇ ಕಾಣ್ತದ. ಒಳಗ ಚಾಪಿ ಖಾಲಿ."

ಹಾಜಿರಾಳ ಬಾಯಿಯಲ್ಲಿದ್ದ ಹಣ್ಣು ಅಲ್ಲೇ ನಿಂತಿತು. ಹಂದರವನ್ನು ತುದಿಯಿಂದ ತುದಿಗೆ ನೋಡಿದಳು.

"ಹಂಗಾದ್ರ ನೀ ನನ್ನ ಮ್ಯಾಲ ಹೇಳಿದ್ದು..."

"ಸುಳ್ಳಾತು. ಹೇಳೋವಾಗ ಖರೇ ಅನ್ಕೊಂಡಿದ್ದೆ. ಆಮ್ಯಾಲ ಗೊತ್ತಾತು. ಗೊತ್ತಾಗಿ ವೋಲ್ಟೇಜ್ ಇಲ್ಲ ಅಂದೆ."

"ಬಂಡಮ್ಮಾ!" ಎಂದು ಹಾಜಿರಾ ಕೈಯಲ್ಲಿದ್ದ ಸಿಪ್ಪೆಯನ್ನು ಅವಳ ಮೇಲೆ ಎಸೆದಳು. ಅದು ಮದುವೆಯ ಹೊಸ ಸೀರೆಯ ಮೇಲೆ ಬಿತ್ತು. ಹಾಜಿರಾ ಅತ್ತಳು, ಬೈದಳು, ಎರಡು ಬೈಗುಳ ಉರ್ದುವಿನಲ್ಲಿ ಬೈದಳು. ಆಮೇಲೆ ಮೂಗು ಒರೆಸಿಕೊಂಡು, "ಹುಮನಾಬಾದದ ಬಸ್ಸು ಬಂತು, ನಡಿ, ನೀರು ಕೊಡೋಣ" ಎಂದಳು. ಇಬ್ಬರೂ ಒಂದೇ ಕೊಡ ಹಿಡಿದು ನೀರು ಕೊಟ್ಟರು, ಒಬ್ಬರ ಮುಖ ಒಬ್ಬರು ನೋಡದೆ.

ಮದುವೆ ಕಳೆದ ಮೇಲೆ ಬಂಡಮ್ಮ ಹಾಜಿರಾಳನ್ನು ಕರೆದುಕೊಂಡೇ ಕಪನೂರಕ್ಕೆ ಹೋದಳು. ಸಾವಕಾರರ ಎದುರಿಗೆ ಯಂತ್ರದಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದಳು. ದೊಡ್ಡ ಜಾಗ ತೆಗೆದುಕೊಂಡಳು, ಅಂಕಿ ಏರಿತು. ಎಲ್ಲವನ್ನೂ ಬಿಟ್ಟಳು, ಅಂಕಿ ಇಳಿಯಲಿಲ್ಲ.

"ಬಿಟ್ಟಿಲ್ಲಂತ ತೋರಸ್ತದಲ್ಲವಾ" ಎಂದರು ಸಾವಕಾರರು.

"ತಡೀರಿ." ಮತ್ತೆ ಅಷ್ಟೇ ಜಾಗ ಕೇಳಿದಳು. ಅಂಕಿ ಅಲ್ಲಾಡಲಿಲ್ಲ. "ಬಿಟ್ಟಿರಲಿಲ್ಲ ಅಂದ್ರ ಈಗ ಇನ್ನೂ ಮ್ಯಾಲ ಏರಬೇಕಿತ್ತಲ್ರೀ? ಏರಲಿಲ್ಲ. ಎದ್ದವರ ಚಾಪಿ ಮ್ಯಾಲ ಬಂದವರು ಕುಂತಾರ. ಅಂಕಿ ಸುಳ್ಳು ಹೇಳಿಲ್ರಿ, ನಾ ಅದನ್ನ ತಪ್ಪು ಓದಿದೆ. ಹಾಜಿರಾ ಬರೆದದ್ದು ಬರೋಬ್ಬರಿ ಇತ್ತು. ವೋಲ್ಟೇಜೂ ಬರೋಬ್ಬರಿ ಇತ್ತು."

ಸಾವಕಾರರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ಅದೆಲ್ಲಾ ಆತು. ನನ್ನ ಬಿಲ್ಲು ಮುಂದಿನ ಸುಗ್ಗ್ಯಾಗ ಮತ್ತ ಕುಂಟತಾವೋ ಇಲ್ಲೋ, ಅದನ್ನ ಹೇಳ್ರಿ."

ಬಂಡಮ್ಮ ಇದನ್ನು ಯೋಚಿಸಿಯೇ ಇರಲಿಲ್ಲ. ಹಾಜಿರಾ ಮೆಲ್ಲಗೆ ಮಾತೆತ್ತಿದಳು.

"ಹಂದರ ತಾನಾಗಿ ಸಣ್ಣದಾಗಂಗಿಲ್ರೀ. ಆದ್ರ ಮದವಿ ಪೂರಾ ಮುಗೀತಂದ್ರ ಹಾಲಗಂಬ ಸೈತ ಎದ್ದು ಹೋಗ್ತದಲ್ಲ? ಹಂಗೇ ಪ್ರೋಗ್ರಾಂ ಮುಗಿದು ಹೋತಂದ್ರ ಅದು ಹಿಡಿದದ್ದೆಲ್ಲಾ ಯಜಮಾನ ಒಂದೇ ಏಟಿಗಿ ತಿರುಗಿ ತಗೋತಾನ. ದಿನದ ತೂಕ ಹಿಡಿಯೋದಕ್ಕ ಬ್ಯಾರೆ ಒಂದು ಪ್ರೋಗ್ರಾಂ ಹುಟ್ಟಸೋಣ. ಬೆಳಿಗ್ಗಿ ಹುಟ್ಲಿ, ಸಂಜೀಕ ಲೆಕ್ಕ ಬರೆದು ಸಾಯಲಿ. ಬಿಲ್ಲಿಗಿ ಓಣಿ ಪೂರಾ ಖಾಲಿ."

"ಶಹಬ್ಬಾಸ್!" ಎಂದರು ಸಾವಕಾರರು.

ಹಂದರ ಬಂಡಮ್ಮನ ಮನೆಯದು. ಕಾಕಾ ಬಂಡಮ್ಮನ ಕಾಕಾ. ಹಾಲಗಂಬಕ್ಕೆ ನೀರು ಹೊತ್ತವಳೂ ಬಂಡಮ್ಮ. ಶಹಬ್ಬಾಸ್ ಮಾತ್ರ ಹಾಜಿರಾಳಿಗೆ! ಖುರ್ಚಿಯೂ ಹಾಜಿರಾಳಿಗೇ ಹೋಯಿತು. ಬಂಡಮ್ಮ ಅಲ್ಲಾಡದೆ ನಿಂತಿದ್ದಳು, ಹೊಟ್ಟೆಯೊಳಗೆ ಒಲೆ ಉರಿಯುತ್ತಿತ್ತು. ಆದರೂ ಹಾಜಿರಾ ಆ ಖುರ್ಚಿಯಲ್ಲಿ ಕೂತು ಹತ್ತೂ ಬೆರಳನ್ನು ಕೀಲಿಗಳ ಮೇಲೆ ಓಡಿಸಿದಾಗ, ಹೋಗಿದ್ದ ಕರೆಂಟು ಬಂದಂತೆನಿಸಿತು ಅಂತ ಅವಳೇ ಒಮ್ಮೆ ತಾಯಿಯ ಹತ್ತಿರ ಹೇಳಿದ್ದಳು. ಹೇಳಿ, "ಇದನ್ನ ಆಕಿಗಿ ಹೇಳಬ್ಯಾಡ ಮತ್ತ" ಎಂದು ಆಣೆ ಹಾಕಿಸಿಕೊಂಡಳು.

ಬಂಡಮ್ಮ ಖೂಬಾ ಪ್ಲಾಟಿನ ಅದೇ ಕ್ಲಾಸಿನಲ್ಲಿ ಕಲಿಸುವವಳಾದಳು. ಎರಡು ಸಾವಿರದ ಇಸವಿ ದಾಟಿದ ಮೇಲೂ ಕಲಿಸುತ್ತಿದ್ದಳು. ಈಗ ಎರಡಲ್ಲ, ಹತ್ತೂ ಬೆರಳಲ್ಲಿ. ಅಷ್ಟೊತ್ತಿಗೆ ಚಪ್ಪಲಿ ಹಾಕಿಕೊಂಡೇ ಒಳಗೆ ಹೋಗಬಹುದಾಗಿತ್ತು. ಯಂತ್ರಕ್ಕೂ ಧೂಳು ರೂಢಿಯಾಗಿತ್ತೇನೋ. ಪ್ರತಿ ವರ್ಷ ಹುಡುಗರು ಗಾಬರಿಯಿಂದ ಕೈಯೆತ್ತುತ್ತಿದ್ದರು: "ಮೇಡಂ, ಫ್ರೀ ಮಾಡೀವಿ, ಅಂಕಿ ಇಳೀವಲ್ದು!" ಬಂಡಮ್ಮ ಹಲಗೆಯ ಮೇಲೆ ಒಂದು ಓಣಿ ಬರೆದು ಹಂದರ ಹಾಕುತ್ತಿದ್ದಳು, ಕಾಕಾನ ಬೈಗುಳಗಳ ಸಮೇತ.

ಒಂದು ವರ್ಷ ಒಬ್ಬ ಹುಡುಗಿ ಕೂತಲ್ಲಿಂದಲೇ, "ಇದು ನಮಗ ಗೊತ್ತದ ಮೇಡಂ" ಎಂದಳು. ಕಪನೂರದ ಮಿಲ್ಲಿನಲ್ಲಿ ಹಾಜಿರಾಳ ಕೈಕೆಳಗೆ ಕೆಲಸ ಕಲಿತು ಬಂದವಳು. "ಹಾಜಿರಾ ಮೇಡಂ ಮೊದಲ ದಿನಾನ ಹೇಳ್ತಾರ."

ಬಂಡಮ್ಮನ ಕೈಯಲ್ಲಿ ಸೀಮೆಸುಣ್ಣ ಮುರಿಯಿತು. ನನ್ನ ಹಂದರ! ನನ್ನ ಮನೆಯ ಹಾಲಗಂಬ! "ಏನಂತ ಹೇಳ್ತಾಳ?" ಎಂದು ಕೇಳಿದಳು, ಆದಷ್ಟು ಮೆತ್ತಗೆ.

"ಬಂಡಮ್ಮನ ಹಂದರ ಅಂತ ಹೇಳ್ತಾರ್ರೀ. ಆ ಹೆಸರಿಲ್ಲದ ಹೇಳಿದ್ರ ಬೈತಾರ."

ಬಂಡಮ್ಮ ಹಲಗೆಯ ಕಡೆ ತಿರುಗಿ ನಿಂತಳು. ಮಕ್ಕಳಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಸಂಜೆ ಕಮಲಾಪುರಕ್ಕೆ ಹೋದವಳೇ ತಾಯಿಯ ಮುಂದೆ ಚೀಲ ಕುಕ್ಕಿದಳು.

"ನೋಡವ್ವಾ, ಇಷ್ಟು ವರ್ಷ ಕಲಿಸೀನಿ, ಅದಕ್ಕೊಂದು ಹೆಸರು ಇಡಬೇಕಂತ ನನಗ ಹೊಳೀಲಿಲ್ಲ. ಅದರಾಗೂ ಆಕೀನೇ ಮುಂದ!"

ನೀಲಗಂಗಮ್ಮ ಒಂದು ಲೋಟ ಎಮ್ಮೆಯ ಹಾಲು ತಂದು ಮುಂದಿಟ್ಟಳು. ಬಂಡಮ್ಮ ಮುಖ ಊದಿಸಿಕೊಂಡೇ ಪೂರ್ತಿ ಕುಡಿದಳು.